ಮೂರನೆಯ ಬಳಕೆ

“ನೈಸ್,” ಎಂದು ಅವನು ಓದಿದ. “ಅರ್ಥ ಒಂದು, ಬಲು ಹಳೆಯದು: ದಡ್ಡ, ಕಾಮಾ, ಏನೂ ತಿಳಿಯದ, ಪೂರ್ಣವಿರಾಮ. ಅರ್ಥ ಎರಡು, ಹಳೆಯದು: ಅತಿ ನಾಜೂಕಿನ, ಕಾಮಾ, ಸಣ್ಣದಕ್ಕೂ ತಕರಾರು ತೆಗೆಯುವ, ಪೂರ್ಣವಿರಾಮ.”

ತಕರಾರು ಎಂಬಲ್ಲಿ ಅವನ ಕಣ್ಣು ಹಾಳೆಯಿಂದ ಅರೆಕ್ಷಣ ಮೇಲೆದ್ದು, ಅವಳ ಮೇಲೆ ಕೂತು, ಮತ್ತೆ ಹಾಳೆಗೆ ಇಳಿಯಿತು. ಅವಳು ಅದನ್ನು ಕಂಡಳು. ಕಾಣದವಳಂತೆ ಪ್ರೂಫಿನ ಸಾಲಿನ ಮೇಲೆ ಬೆರಳು ಸರಿಸಿದಳು.

“ಅರ್ಥ ಮೂರು, ಈಗಿನದು: ಚೆನ್ನಾಗಿರುವ, ಕಾಮಾ, ಮನಸ್ಸಿಗೆ ಹಿಡಿಸುವ, ಪೂರ್ಣವಿರಾಮ.”

“ಸರಿ,” ಎಂದಳು. ನಗು ಬರಬಾರದೆಂದು ತುಟಿ ಕಚ್ಚಿಕೊಂಡಳು.

ಆ ಕೋಣೆಯಲ್ಲಿ ಹಾಗೆಲ್ಲ ನಗುವಂತಿರಲಿಲ್ಲ. ಹಳೆಯ ಇಂಗ್ಲಿಷ್ ಪದಗಳಿಗೆ ಮೊದಲು ಯಾವ ಅರ್ಥವಿತ್ತು, ಯಾವ ಕಾಲದಲ್ಲಿ ಯಾರು ಹೇಗೆ ಬಳಸಿದರು ಎಂದು ಕನ್ನಡದಲ್ಲಿ ಹೇಳುವ ನಿಘಂಟೊಂದರ ಕಚೇರಿ ಅದು. ಇದು ಅದರ ಓದುವ ಕೋಣೆ. ಒಂದು ಮೇಜು, ಎದುರುಬದುರು ಎರಡು ಕುರ್ಚಿ, ಮೂರು ಗೋಡೆಗೂ ಪುಸ್ತಕ, ಹಾಳೆ ಹಾರದಿರಲೆಂದು ಸದಾ ಮುಚ್ಚಿಟ್ಟ ಕಿಟಕಿ. ಒಬ್ಬರು ಹಸ್ತಪ್ರತಿಯನ್ನು ಕಾಮಾ ಸಮೇತ ಗಟ್ಟಿಯಾಗಿ ಓದಬೇಕು. ಇನ್ನೊಬ್ಬರು ಅಚ್ಚಿಗೆ ಹೋಗುವ ಪ್ರೂಫಿನಲ್ಲಿ ಬೆರಳಿಟ್ಟು ತಾಳೆ ನೋಡಬೇಕು. ಪುಟ ಮುಗಿಯುವತನಕ ಬೇರೆ ಮಾತು ಕೂಡದು. ಈ ನಿಯಮ ಮಾಡಿದವರು ಮುಖ್ಯ ಸಂಪಾದಕಿ, ಕಚೇರಿಯವರೆಲ್ಲ ದೊಡ್ಡಮ್ಮ ಎಂದು ಕರೆಯುವ ಹಿರಿಯ ಹೆಂಗಸು. ಪ್ರಾಯದವರಿಬ್ಬರನ್ನು ಎದುರುಬದುರು ಕೂರಿಸಿ ಬಾಯಿ ಕಟ್ಟಿದರೆ ಕಣ್ಣು ಸುಮ್ಮನಿರುವುದಿಲ್ಲ ಎಂಬುದೊಂದು ಅವರಿಗೆ ಹೊಳೆದಿರಲಿಲ್ಲ.

ಎ ಅಕ್ಷರದಲ್ಲಿ ಇವರು ಬರೀ ಸಹೋದ್ಯೋಗಿಗಳು. ಎಫ್ ಬರುವ ಹೊತ್ತಿಗೆ ಕೆಲಸ ಕೆಟ್ಟಿತ್ತು. ‘ಫಾಂಡ್’ ಎಂಬ ಪದಕ್ಕೆ ಮೊದಲು ಪೆದ್ದ ಎಂಬ ಅರ್ಥವಿತ್ತು, ಬರುಬರುತ್ತ ಪ್ರೀತಿಯಲ್ಲಿ ಪೆದ್ದಾದವನು ಎಂದಾಯಿತು, ಕೊನೆಗೆ ಪೆದ್ದುತನ ಉದುರಿ ಪ್ರೀತಿಯೊಂದೇ ಉಳಿಯಿತು ಎಂದು ಓದುವಾಗ ಅವನ ದನಿ ತೊಡರಿತ್ತು. ಅವಳ ಬೆರಳು ಸಾಲು ತಪ್ಪಿತ್ತು. ಈಗ ಎನ್ ಅಕ್ಷರ, ಮೊದಲ ಸಂಪುಟದ ಕೊನೆ. ಇವತ್ತು ಸಂಜೆ ಅಚ್ಚಿಗೆ.

ಇವತ್ತು ಸಂಜೆ ಇನ್ನೊಂದೂ ಇತ್ತು. ಅವನು ತನ್ನ ಚಿಕ್ಕಪ್ಪನನ್ನು ಕರೆದುಕೊಂಡು ಅವಳ ಮನೆಗೆ ಬಂದು, ಅವಳ ಅಮ್ಮನ ಹತ್ತಿರ ಮದುವೆಯ ಮಾತಾಡುವುದಿತ್ತು. ಚಿಕ್ಕಪ್ಪ ಒಪ್ಪಲಿ, ಆಮೇಲೆ. ಈ ಸಂಪುಟ ಮುಗಿಯಲಿ, ಆಮೇಲೆ ಎಂದು ತಿಂಗಳುಗಟ್ಟಲೆ ತಳ್ಳಿಕೊಂಡು ಬಂದ ಮಾತು. ನಿನ್ನೆ ಕಚೇರಿಯ ಮೆಟ್ಟಿಲಿಳಿಯುವಾಗ ಅವನೇ ನಿಂತು, ಹಿಂದೆ ತಿರುಗಿ ಹೇಳಿದ್ದ: “ನಾಳೆ ಬರ್ತೀನಿ.”

ಮನೆಯಲ್ಲಿ ಅದನ್ನು ಕೇಳಿದ ಅವಳ ಅಕ್ಕ ನಕ್ಕಿದ್ದಳು. “ನಾಳೆ ಅಂದನಾ? ಸರಿ ಹೋಯ್ತು. ನೋಡು, ನಾಳೆಯೂ ಬರಲಿಲ್ಲ ಅಂದ್ರೆ ಅಮ್ಮನ ಮುಂದೆ ಇನ್ನು ಆ ಮಾತು ಎತ್ತಬೇಡ. ಅವಳು ಎಷ್ಟು ಸಲ ಅಂತ ಕುರ್ಚಿ ಒರೆಸ್ತಾಳೆ?”

ಅಕ್ಕ ನಗಲು ಕಾರಣವಿತ್ತು. ಕಚೇರಿಯಲ್ಲಿ ಅವನ ಹೆಸರೇ ನಾಳೆರಾಯ. ಯಾವ ಪದದ ವಿವರಣೆ ಕೇಳಿದರೂ “ನಾಳೆ ಕೊಡ್ತೀನಿ” ಎನ್ನುವವನು. ಅವಳ ಹೆಸರು ಆಧಾರಮ್ಮ. ಯಾರು ಏನೇ ಬರೆದು ತಂದರೂ “ಆಧಾರ ಎಲ್ಲಿ?” ಎನ್ನುವುದು ಅವಳ ಕೆಲಸ, ಕ್ರಮೇಣ ಅಭ್ಯಾಸ, ಈಗ ಸ್ವಭಾವ. ಒಂದು ಅರ್ಥ ನಿಘಂಟಿಗೆ ಸೇರಬೇಕಾದರೆ ಮೂರು ಬೇರೆ ಬೇರೆ ಕಡೆ ಆ ಅರ್ಥದಲ್ಲಿ ಬಳಸಿರಬೇಕು ಎಂಬುದು ಕಚೇರಿಯ ಕಟ್ಟಳೆ. ಮಾರ್ಕೆಟಿನಲ್ಲಿ ತರಕಾರಿಯವನು ಇವತ್ತಿಂದು ಇವತ್ತೇ ಬಂದಿದ್ದು ಎಂದರೂ ಅವಳು ಇನ್ನಿಬ್ಬರನ್ನು ಕೇಳುತ್ತಿದ್ದಳು.

ಅವನು ಪುಟ ತಿರುಗಿಸಿದ.

“ನೈ. ಹತ್ತಿರ, ಪೂರ್ಣವಿರಾಮ. ಈ ಹಳೆಯ ಪದಕ್ಕೆ ಮೂರು ಮೆಟ್ಟಿಲು, ಅಡ್ಡಗೆರೆ. ನೈ, ಕಾಮಾ, ಹತ್ತಿರ. ನಿಯರ್, ಕಾಮಾ, ಇನ್ನೂ ಹತ್ತಿರ. ನೆಕ್ಸ್ಟ್, ಕಾಮಾ, ಎಲ್ಲಕ್ಕಿಂತ ಹತ್ತಿರ, ಪೂರ್ಣವಿರಾಮ. ನೈಬರ್ ಎಂಬುದರಲ್ಲಿ ಇರುವುದೂ ಇದೇ ಪದ, ಅಡ್ಡಗೆರೆ, ಹತ್ತಿರ ವಾಸಿಸುವವನು, ಪೂರ್ಣವಿರಾಮ.”

ಎಲ್ಲಕ್ಕಿಂತ ಹತ್ತಿರ ಎನ್ನುವಾಗ ಮೇಜಿನ ಕೆಳಗೆ ಅವನ ಚಪ್ಪಲಿಯ ತುದಿ ಅವಳ ಚಪ್ಪಲಿಯ ತುದಿಗೆ ತಾಗಿತು. ಬೇಕೆಂದೇ ತಾಗಿಸಿದ್ದು. ಅವಳು ಕಾಲು ಹಿಂದೆಳೆಯಲಿಲ್ಲ.

“ನೈಟ್,” ಎಂದು ಅವನು ಮುಂದುವರಿಸಿದ. “ರಾತ್ರಿ, ಪೂರ್ಣವಿರಾಮ. ಹಿಂದೆ ದಿನಗಳನ್ನು ರಾತ್ರಿಗಳಿಂದಲೇ ಎಣಿಸುತ್ತಿದ್ದರು—”

“ತಡಿ.”

ಅವಳ ಬೆರಳು ಮುಂದೆ ಸರಿದಿರಲಿಲ್ಲ. ನೈ ಮತ್ತು ನೈಟ್ ನಡುವೆ, ಪ್ರೂಫಿನಲ್ಲಿ, ಇನ್ನೊಂದು ಪದ ಕೂತಿತ್ತು.

“ಒಂದು ಬಿಟ್ಟೆ ನೋಡು.”

“ಇಲ್ವಲ್ಲ.” ಅವನು ಹಸ್ತಪ್ರತಿ ನೋಡಿದ. ಆಮೇಲೆ ಅವಳ ಬೆರಳು ನಿಂತ ಜಾಗ ನೋಡಿದ. ಅವನ ಮುಖ ಬಿಳುಚಿಕೊಂಡಿತು.

ಅವಳು ಓದಿದಳು. ಈ ಸಲ ಕಾಮಾ ಹೇಳಲಿಲ್ಲ. “ನೈಸೀಕ್. ಕ್ರಿಯಾಪದ. ಹತ್ತಿರವೇ ಇರುವುದನ್ನು ಎಲ್ಲೆಲ್ಲೋ ಹುಡುಕು. ಮುಖ್ಯವಾಗಿ, ಕಿವಿಗೆ ಸಿಕ್ಕಿಸಿಕೊಂಡ ಲೇಖನಿಯನ್ನು ಮೇಜಿನ ಮೇಲೆಲ್ಲ ಹುಡುಕು. ಹಿಂದೆ ಮಠಗಳ ಲಿಪಿಕಾರರ ಮಾತಿನಲ್ಲಿ ಬಳಕೆ. ಹೋಲಿಸಿ, ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ.”

ಅವಳ ಕೈ ತಾನಾಗಿ ಕಿವಿಗೆ ಹೋಯಿತು. ಕೆಂಪು ಪೆನ್ಸಿಲ್ ಅಲ್ಲೇ ಇತ್ತು. ದಿನಕ್ಕೆ ಹತ್ತು ಸಲ ಅವಳು ಅದನ್ನು ಮೇಜು, ಡ್ರಾಯರು, ಪುಸ್ತಕದ ಸಂದಿ ಎಲ್ಲ ತಡಕಾಡಿ ಹುಡುಕುತ್ತಿದ್ದಳು. ಹತ್ತೂ ಸಲ ಅವನು ಎದುರು ಕೂತು ಬಾಯಿ ಬಿಡದೆ ನೋಡುತ್ತಿದ್ದ. ಒಂದು ಗಳಿಗೆ ಅವಳಿಗೆ ಮೈಯೆಲ್ಲ ಬೆಚ್ಚಗಾಯಿತು. ಮರುಗಳಿಗೆಗೆ ಭಯವಾಯಿತು.

“ಇದು ನೀನು ಬರೆದದ್ದು.”

“ಹೌದು.”

“ಹಸ್ತಪ್ರತಿಯಲ್ಲಿ ಇಲ್ಲ.”

“ಇಲ್ಲ.”

“ನೈ ಗೊತ್ತು, ಸೀಕ್ ಗೊತ್ತು. ಎರಡನ್ನೂ ಅಂಟಿಸಿ ಒಂದು ಪದ ಮಾಡಿ ಯಾರು ಬಳಸಿದ್ದಾರೆ? ಮೂರು ಬಳಕೆ ಕೊಡು.”

ಅವನು ಹಾಳೆಯ ಮೂಲೆ ಮಡಚಿದ, ಬಿಡಿಸಿದ.

“ಒಂದು ಕೊಡು.”

“ಅದು... ನಿನ್ನ ಕಣ್ಣಿಗೆ ಬೀಳಬೇಕಾದ್ದೇ ಅಲ್ಲ,” ಎಂದ ಅವನು.

ಇದಕ್ಕಿಂತ ಕೆಟ್ಟ ಉತ್ತರವನ್ನು ಅವನು ಹುಡುಕಿದರೂ ಸಿಗುತ್ತಿರಲಿಲ್ಲ. ಕಳ್ಳನ ಕೈ ಹಿಡಿದಾಗ ನೀನು ಮಲಗಿರಬೇಕಿತ್ತು ಎಂದಂತಾಯಿತು.

“ನನ್ನ ಕಣ್ಣಿಗೆ ಬೀಳಬಾರದು ಅಂದ್ರೆ?”

“ನಾಳೆ ಹೇಳ್ತೀನಿ.”

“ನಾಳೆ!”

“ನಿಜವಾಗಲೂ ನಾಳೆ. ಇವತ್ತು ಹೇಳೋಕೆ ಬರಲ್ಲ. ಮಾತು ಕೊಟ್ಟಿದ್ದೀನಿ.”

“ಯಾರಿಗೆ?”

“ಅದೂ ನಾಳೆ.”

ಅವಳು ಮೇಜಿನ ಕೆಳಗೆ ಕಾಲು ಹಿಂದೆಳೆದುಕೊಂಡಳು. ಮಾತಾಡಿದಾಗ ಅವಳ ದನಿ ಬದಲಾಗಿತ್ತು. “ಪುಟ ಮುಗಿಸಿ. ಓದಿ ನೀವು.”

ಕಚೇರಿಯವರ ಎದುರು ಅವರು ಒಬ್ಬರಿಗೊಬ್ಬರು ನೀವು. ಬಾಗಿಲು ಮುಚ್ಚಿದ ಮೇಲೆ ನೀನು. ಬಾಗಿಲು ಮುಚ್ಚಿಯೇ ಇತ್ತು.

ಅವನು ಓದಿದ. ದನಿ ಮರದ ಹಲಗೆಯಂತಿತ್ತು. “ನೈಟ್‌ಮೇರ್. ಕೆಟ್ಟ ಕನಸು, ಪೂರ್ಣವಿರಾಮ. ಇಲ್ಲಿ ಮೇರ್ ಎಂದರೆ ಕುದುರೆಯಲ್ಲ, ಪೂರ್ಣವಿರಾಮ. ಮಲಗಿದವರ ಎದೆಯ ಮೇಲೆ ಕೂತು ಉಸಿರು ಕಟ್ಟಿಸುವ ಪಿಶಾಚಿ, ಪೂರ್ಣವಿರಾಮ.”

“ಸರಿ,” ಎಂದಳು. ಅವಳಿಗೂ ಉಸಿರು ಸರಿಯಾಗಿ ಆಡುತ್ತಿರಲಿಲ್ಲ.

ಹಾಗೆ ಎನ್ ಅಕ್ಷರದ ಕೊನೆಯವರೆಗೂ ಅವನು ಓದುತ್ತ ಹೋದ, ಅವಳು ಸರಿ ಎನ್ನುತ್ತ ಹೋದಳು. ಅಷ್ಟು ಪುಟಗಳಲ್ಲಿ ಒಮ್ಮೆಯೂ ಅವನ ಕಣ್ಣು ಮೇಲೇಳಲಿಲ್ಲ. ಕೊನೆಯ ಪೂರ್ಣವಿರಾಮವಾದ ಮೇಲೆ ಅವನು ಹಸ್ತಪ್ರತಿ ಜೋಡಿಸಿ, ದಾರ ಕಟ್ಟಿ ಎದ್ದ.

“ಕೆಂಪು ಹಾಕ್ತೀರಾ?” ಎಂದು ಕೇಳಿದ. ಅವನೂ ನೀವುಗೆ ಬಂದಿದ್ದ.

ಕೆಂಪು ಹಾಕುವುದು ಎಂದರೆ ಏನೆಂದು ಇಬ್ಬರಿಗೂ ಗೊತ್ತು. ಪದ ಹೊಡೆದುಹಾಕಿ, ಅಂಚಿನಲ್ಲಿ ಆಧಾರವಿಲ್ಲ ಎಂದು ಬರೆದು, ಮಾಡಿದವರ ಹೆಸರು ಬರೆಯಬೇಕು. ಜಿ ಅಕ್ಷರದ ಕಾಲದಲ್ಲಿ ಒಬ್ಬ ಹೀಗೇ ಬಳಕೆಗಳನ್ನು ತಾನೇ ಹೊಸೆದು ಸಿಕ್ಕಿಬಿದ್ದಿದ್ದ. ದೊಡ್ಡಮ್ಮ ಅವನನ್ನು ಬಯ್ಯಲಿಲ್ಲ. ಅವನ ಛತ್ರಿಯನ್ನು ತಾವೇ ತಂದು ಕೈಗೆ ಕೊಟ್ಟರು. ಹೊರಗೆ ಮಳೆಯೂ ಇರಲಿಲ್ಲ, ಅವನು ಮತ್ತೆ ಕಚೇರಿಗೆ ಬರಲೂ ಇಲ್ಲ.

“ನಿಮಗೆ ಹೇಳೋದಿದ್ರೆ ಈಗ ಹೇಳಿ,” ಎಂದಳು ಅವಳು. ಅದು ಅಪ್ಪಣೆಯಂತೆ ಕೇಳಿಸಿತು, ಆದರೆ ಅವಳು ಬೇಡುತ್ತಿದ್ದಳು.

ಅವನು ದಾರದ ಗಂಟನ್ನು ಮತ್ತೆ ಬಿಗಿ ಮಾಡಿದ. “ನಾಳೆ,” ಎಂದ. ಆಮೇಲೆ ಬಾಗಿಲ ಹತ್ತಿರ ನಿಂತು ಕೇಳಿದ: “ಸಂಜೆ?”

“ಬರಬೇಡಿ.”

ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು.

ಅವಳು ಹಟಮಾರಿ ಎನ್ನುವವರಿಗೆ ಅವಳ ಅಪ್ಪನ ವಿಷಯ ಗೊತ್ತಿರಲಿಲ್ಲ. ಅವಳು ಚಿಕ್ಕವಳಿದ್ದಾಗ ಅಪ್ಪನ ಕೆಲಸ ಹೋಯಿತು. ಅಪ್ಪ ಅದನ್ನು ಮನೆಯಲ್ಲಿ ಹೇಳಲಿಲ್ಲ. ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ಹಾಕಿ, ಚೀಲ ಹಿಡಿದು ಹೊರಡುತ್ತಿದ್ದರು. ಸಂಜೆ ಬಂದು ಆಫೀಸಿನ ಕತೆ ಹೇಳುತ್ತಿದ್ದರು. ಆ ಆಫೀಸಿನಲ್ಲಿ ಒಬ್ಬ ಕುಳ್ಳ ಕ್ಯಾಷಿಯರ್ ಇದ್ದ, ಅವನಿಗೆ ಸೀನು ಬಂದರೆ ಏಳು ಸಲ ಬರುತ್ತಿತ್ತು. ಅವಳಿಗೆ ಅವನೆಂದರೆ ಪ್ರಾಣ. ಅವನಿಗೆಂದು ಒಂದು ಕರವಸ್ತ್ರಕ್ಕೆ ಅಂಚು ಹೊಲಿದು ಅಪ್ಪನ ಕೈಯಲ್ಲಿ ಕಳಿಸಿದ್ದಳು. “ತುಂಬ ಖುಷಿಪಟ್ಟ ಕಣಮ್ಮ,” ಎಂದಿದ್ದರು ಅಪ್ಪ. ಅಂಥ ಆಫೀಸೂ ಇಲ್ಲ, ಕ್ಯಾಷಿಯರೂ ಇಲ್ಲ ಎಂದು ಗೊತ್ತಾದ ದಿನ ಅಮ್ಮ ಅತ್ತಳು, ಅಕ್ಕ ಕೂಗಾಡಿದಳು. ಅವಳು ಮಾತ್ರ ಅಪ್ಪನ ಚೀಲ ತೆಗೆದು ನೋಡಿದಳು. ಕರವಸ್ತ್ರ ಅದರ ತಳದಲ್ಲಿ ಮಡಚಿ ಇತ್ತು.

ಅಪ್ಪ ಕೆಟ್ಟವರಲ್ಲ. ಚೆನ್ನಾಗಿ ಹೇಳುತ್ತಿದ್ದರು, ಅಷ್ಟೇ. ನೈಸೀಕ್ ಎಂಬ ಪದವೂ ಚೆನ್ನಾಗಿತ್ತು. ಅದೇ ಅವಳಿಗೆ ಭಯವಾದದ್ದು.

ಅವಳು ಗೋಡೆಯ ಪುಸ್ತಕಗಳನ್ನು ಒಂದೊಂದಾಗಿ ಇಳಿಸಿದಳು. ಎಲ್ಲಾದರೂ, ಯಾವುದಾದರೂ ಅಡಿಟಿಪ್ಪಣಿಯಲ್ಲಿ, ಯಾವನೋ ಲಿಪಿಕಾರ ಒಂದೇ ಒಂದು ಸಲ ಬರೆದಿರಲಿ ಎಂದು ಹಾರೈಸಿದಳು. ಹತ್ತಿರ ಎಂಬ ಪದದಿಂದ ಹುಟ್ಟಿದ ನೂರು ಪದಗಳು ಸಿಕ್ಕವು. ಇದು ಸಿಗಲಿಲ್ಲ. ಮೇಜಿನ ಮೇಲೆ ಪುಸ್ತಕ ಗುಡ್ಡೆಯಾಯಿತು, ಕೈಗೆಲ್ಲ ಧೂಳಾಯಿತು. ಪೆನ್ಸಿಲ್ ತೆಗೆದುಕೊಳ್ಳಲು ಹೋದಳು. ಮೇಜಿನ ಮೇಲೆ ಇರಲಿಲ್ಲ, ಡ್ರಾಯರಿನಲ್ಲಿ ಇರಲಿಲ್ಲ. ಕಿವಿಗೆ ಕೈ ಹೋದಾಗ ಅವಳಿಗೆ ಅಳು ಬಂತು.

ಪೆನ್ಸಿಲನ್ನು ಪದದ ಮೇಲೆ ಇಟ್ಟಳು. ಒಂದು ಗೆರೆ ಎಳೆಯಬೇಕು, ಅಷ್ಟೇ. ಇಷ್ಟು ದಿನದಲ್ಲಿ ಸಾವಿರ ಎಳೆದಿದ್ದಾಳೆ.

ಆಗ ನೆನಪಾದದ್ದು ಎ ಅಕ್ಷರದ ಒಂದು ಮಧ್ಯಾಹ್ನ. ‘ಅನನ್’ ಎಂಬ ಪದ ಬಂದಿತ್ತು. ಮೊದಲು ಅದರ ಅರ್ಥ ಈ ಕ್ಷಣವೇ ಎಂದು. ಕಾಲ ಹೋದಂತೆ ಇನ್ನು ಸ್ವಲ್ಪ ಹೊತ್ತಿಗೆ ಎಂದಾಯಿತು. ಮುಂದೆ ಬಿ ಅಕ್ಷರದಲ್ಲಿ ಬರುವ ‘ಬೈ ಅಂಡ್ ಬೈ’ ಕತೆಯೂ ಅದೇ ಎಂದು ಅಲ್ಲೇ ಟಿಪ್ಪಣಿಯಿತ್ತು. ಎರಡನೆಯ ಸಂಪುಟದಲ್ಲಿ ಬರಲಿರುವ ‘ಸೂನ್’ ಎಂಬುದೂ ಒಂದು ಕಾಲಕ್ಕೆ ತಕ್ಷಣ ಎಂದೇ ಇತ್ತು. “ಎಲ್ಲ ಪದಗಳೂ ಯಾಕೆ ಹೀಗೆ ಜಾರಿದವು?” ಎಂದು ಪುಟ ಮುಗಿದ ಮೇಲೆ ಅವಳು ಕೇಳಿದ್ದಳು.

“ಜನರಿಂದ,” ಎಂದಿದ್ದ ಅವನು. “ಈಗಲೇ ಬಂದೆ ಅಂತ ಹೇಳಿ ಹೇಳಿ ತಡ ಮಾಡಿದ್ರು. ಪದ ಎಷ್ಟು ದಿನ ಅಂತ ತಡ್ಕೊಳ್ಳುತ್ತೆ? ಸವೆದು ಹೋಯ್ತು. ಅದಕ್ಕೇ ನಾನು ಈಗಲೇ ಅಂತ ಯಾರಿಗೂ ಹೇಳಲ್ಲ.”

“ಅದಕ್ಕೆ ನಾಳೆ ಅಂತೀರಾ?”

“ನಾಳೆ ಅಂದ್ರೆ ನಾಳೆ ಕೊಡಬಹುದಲ್ಲ.”

ಅವಳು ಆಗ ನಕ್ಕುಬಿಟ್ಟಿದ್ದಳು. ಈಗ ಪೆನ್ಸಿಲ್ ಕೆಳಗಿಟ್ಟಳು. ಅವನು ಬರೆದ ಪದಕ್ಕೆ ಆಧಾರ ಹುಡುಕಿ ಹುಡುಕಿ ಸೋತಿದ್ದಳು. ಅವನು ಆಡುವ ಪದಕ್ಕೆ ಹುಡುಕಿರಲೇ ಇಲ್ಲ. ನಾಳೆ ಎಂದು ಅವನು ಅಂದಾಗ ಅದರ ಅರ್ಥ ಏನು? ಮೂರು ಬಳಕೆ ಬೇಕು.

ಒಂದು ಬೇಗನೆ ಸಿಕ್ಕಿತು. ‘ಡೀರ್’ ಎಂದರೆ ಹಿಂದೆ ಜಿಂಕೆಯೊಂದೇ ಅಲ್ಲ, ಯಾವ ಪ್ರಾಣಿಯೂ ಆಗಬಹುದಿತ್ತು. ಅದು ಯಾವಾಗ ಜಿಂಕೆಗೆ ಮೀಸಲಾಯಿತು ಎಂಬಲ್ಲಿ ಅವನ ಬರಹಕ್ಕೆ ಅವಳು ತಕರಾರು ತೆಗೆದಿದ್ದಳು. ನಾಳೆ ಹೇಳ್ತೀನಿ ಎಂದ. ಮರುದಿನ ಕಣ್ಣು ಕೆಂಪಗೆ ಮಾಡಿಕೊಂಡು ಬಂದು, ತನ್ನದೇ ತಪ್ಪೆಂದು ತೋರಿಸುವ ಪುಸ್ತಕವನ್ನು ತಾನೇ ಹೊತ್ತು ತಂದು ಅವಳ ಮುಂದಿಟ್ಟ. ಅವನು ತರದಿದ್ದರೆ ಆ ತಪ್ಪು ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಎರಡನೆಯದು ಅಮ್ಮನ ಕಣ್ಣಿನ ಆಪರೇಷನ್ನಿನದು. ಅಕ್ಕ ಊರಲ್ಲಿರಲಿಲ್ಲ, ಅವಳಿಗೆ ರಜೆ ಸಿಕ್ಕಿರಲಿಲ್ಲ. ನಾಳೆ ನಾನು ರಜೆ ಹಾಕಿ ಹೋಗಿ ಕೂತಿರ್ತೀನಿ ಎಂದ. ಹೋದ. ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದ ಅಮ್ಮನಿಗೆ ದಿನವಿಡೀ ಪೇಪರ್ ಓದಿ ಹೇಳಿದ. ಹೆಸರು ಹೇಳಲು ನಾಚಿಕೆಯಾಗಿ ಆಫೀಸಿನವನು ಎಂದಷ್ಟೇ ಹೇಳಿ ಬಂದಿದ್ದ. “ಯಾರೋ ಪಾಪ, ಒಳ್ಳೆ ಹುಡುಗ,” ಎಂದು ಅಮ್ಮ ಎಷ್ಟೋ ದಿನ ಹೇಳುತ್ತಿದ್ದಳು. “ಆದ್ರೆ ಸ್ವಲ್ಪ ವಿಚಿತ್ರ. ಕಾಮಾ, ಫುಲ್‌ಸ್ಟಾಪ್ ಎಲ್ಲ ಜೋರಾಗಿ ಓದ್ತಾನೆ.”

ಮೂರನೆಯದು ಸಿಗಲಿಲ್ಲ. ನೆನಪನ್ನು ಎಷ್ಟು ಜಾಲಾಡಿದರೂ ಸಿಗಲಿಲ್ಲ. ಆಮೇಲೆ, ನೋಡೋಣ, ಇರಲಿ ಎಂದು ಅವನು ಜಾರಿಕೊಂಡದ್ದು ಬೇಕಾದಷ್ಟಿತ್ತು. ಕಚೇರಿಯ ಬೇರೆಯವರಿಗೆ ಹೇಳಿದ ನಾಳೆಗಳು ಏನಾದವೋ ಅವಳಿಗೆ ತಿಳಿಯದು, ಬಾಯಿಬಿಟ್ಟು ನಾಳೆ ಎಂದು ಅವಳಿಗೇ ಕೊಟ್ಟ ಮಾತು ಎರಡೇ. ಎರಡು ಬಳಕೆಗೆ ಯಾವ ಪದವನ್ನೂ ಅವಳು ಈವರೆಗೆ ಒಳಗೆ ಬಿಟ್ಟಿರಲಿಲ್ಲ.

ಫೋನು ಹೊಡೆದುಕೊಂಡಿತು. ಪ್ರೆಸ್ಸಿನಿಂದ ದೊಡ್ಡಮ್ಮ. ಹಿಂದೆ ಯಂತ್ರದ ಸದ್ದು ಕೇಳುತ್ತಿತ್ತು.

“ಪುಟ ತಗೊಳ್ಳೋಕೆ ಆಟೋ ಕಳಿಸ್ತಾ ಇದ್ದೀನಿ. ಎಲ್ಲ ಸರಿ ಇದೆಯಾ?”

“ಒಂದು ಬಿಟ್ಟು, ದೊಡ್ಡಮ್ಮ.”

“ಏನದು?”

“ಒಂದು ಪದಕ್ಕೆ ಆಧಾರ ಸಿಗಲಿಲ್ಲ.”

ಆ ಕಡೆ ಯಂತ್ರದ ಸದ್ದು ಮಾತ್ರ. “ಓದು,” ಎಂದರು ದೊಡ್ಡಮ್ಮ.

ಓದಿದಳು, ಕಾಮಾ ಸಮೇತ.

“ಹೊಡೆದೆಯಾ?”

“ಇಲ್ಲ.” ಅವಳು ಉಸಿರೆಳೆದುಕೊಂಡಳು. “ಎಲ್ಲ ಕಡೆ ಹುಡುಕಿದೆ. ಎಲ್ಲೂ ಇಲ್ಲ. ಅದನ್ನ ಮುಚ್ಚಿಡಲ್ಲ, ಪ್ರೂಫಿನ ಅಂಚಲ್ಲಿ ಬರೀತೀನಿ. ಆದ್ರೆ ಬರೆದವರು ನಾಳೆ ಕಾರಣ ಹೇಳ್ತೀನಿ ಅಂದಿದ್ದಾರೆ. ಅವರು ಸುಳ್ಳು ಬರೆಯೋರಲ್ಲ. ಉಳಿಸಿದ್ದರ ಹೊಣೆ ನಂದು.”

“ನಿನ್ನ ಹೊಣೆಗೆ ಆಧಾರ ಏನು?”

“ಎರಡೇ ಇದೆ.”

“ಮೂರು ಬೇಕಲ್ಲ?”

“ಗೊತ್ತು.”

“ಪುಟ ಕಳಿಸು,” ಎಂದರು ದೊಡ್ಡಮ್ಮ. “ಬೆಳಿಗ್ಗೆ ಬಂದು ನನ್ನ ನೋಡು.” ಫೋನಿಟ್ಟರು. ಅವರ ದನಿಯಲ್ಲಿ ಸಿಟ್ಟಿತ್ತೋ ಏನಿತ್ತೋ ತಿಳಿಯಲಿಲ್ಲ. ಅವಳು ಅಂಚಿನಲ್ಲಿ ಹಾಗೇ ಬರೆದು ಸಹಿ ಹಾಕಿ ಕಟ್ಟು ಕಟ್ಟಿದಳು. ಬಾಗಿಲ ಮೂಲೆಯಲ್ಲಿದ್ದ ತನ್ನ ಛತ್ರಿಯನ್ನು ನೋಡಿ, ಯಾವುದಕ್ಕೂ ಇರಲಿ ಎಂದು ಮನೆಗೆ ತೆಗೆದುಕೊಂಡು ಹೊರಟಳು.

ದಾರಿಯಲ್ಲಿ ಅವನಿಗೆ ಫೋನ್ ಮಾಡಿದಳು. ಎತ್ತಲಿಲ್ಲ. ಮತ್ತೆ ಮಾಡಿದಳು. ಬರಬೇಡಿ ಎಂದು ಹೇಳಿದವಳ ಫೋನನ್ನು ಯಾರು ತಾನೇ ಎತ್ತುತ್ತಾರೆ?

ಮನೆಯಲ್ಲಿ ಅಮ್ಮ ಕುರ್ಚಿ ಒರೆಸಿಟ್ಟಿದ್ದಳು. ಮೇಜಿಗೆ ಒಗೆದ ಬಟ್ಟೆ ಹಾಸಿದ್ದಳು. ಕನ್ನಡಕ ಹಾಕಿಕೊಂಡು, ತೆಗೆದು, ಮತ್ತೆ ಹಾಕಿಕೊಂಡು ಕೂತಿದ್ದಳು.

“ಅವರು ಬರಲ್ಲ,” ಎಂದಳು ಅವಳು, ಚಪ್ಪಲಿ ಬಿಡುತ್ತ.

“ನಾ ಹೇಳಲಿಲ್ವಾ?” ಎಂದಳು ಅಕ್ಕ.

“ನಾನೇ ಬರಬೇಡ ಅಂದೆ.”

ಅಕ್ಕ ತಂಗಿಯ ಮುಖ ನೋಡಿ, ಬೈಯಲು ತೆರೆದ ಬಾಯಿ ಮುಚ್ಚಿಕೊಂಡಳು. “ಯಾಕೆ? ಏನಾಯ್ತೇ?”

“ನನ್ನ ಬುದ್ಧಿ. ಇನ್ನೇನಾಗುತ್ತೆ?”

ಅಮ್ಮ ಎದ್ದು ಮೇಜಿನ ಬಟ್ಟೆಯ ಒಂದು ತುದಿ ಹಿಡಿದು ಮಡಚತೊಡಗಿದಳು. ಆ ಬಟ್ಟೆ ಅರ್ಧ ಮಡಚಿದ್ದನ್ನು ನೋಡಲಾಗದೆ ಅವಳು ಕಿಟಕಿಯ ಕಡೆ ತಿರುಗಿದಳು. ಬೀದಿಯ ದೀಪ ಹತ್ತಿಕೊಂಡಿತ್ತು. ಪಕ್ಕದ ಮನೆಯವರು ಗೇಟು ಹಾಕುತ್ತಿದ್ದರು. ಅಂಥವನನ್ನು ಅಪ್ಪನ ಚೀಲದ ಜೊತೆ ತೂಗಿದೆನಲ್ಲ ಎಂದು ತನ್ನನ್ನೇ ಬೈದುಕೊಂಡಳು.

ಬೆಲ್ ಆಯಿತು.

ಅಕ್ಕ ಎದ್ದಳು. ಅವಳು ಅಕ್ಕನನ್ನು ದಾಟಿಕೊಂಡು ಓಡಿದಳು.

ಬಾಗಿಲಲ್ಲಿ ಅವನು ನಿಂತಿದ್ದ. ಇಸ್ತ್ರಿ ಮಾಡಿದ ಅಂಗಿ, ಒದ್ದೆ ಕೂದಲು, ಬಿಗಿದ ಮುಖ. ಹಿಂದೆ, ಒಂದು ಮೆಟ್ಟಿಲ ಕೆಳಗೆ, ಬಿಸ್ಕತ್ತಿನ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಚಿಕ್ಕಪ್ಪ.

“ಬರಬೇಡ ಅಂದಿದ್ದೆ,” ಎಂದಳು ಅವಳು. ಬೇರೆ ಏನು ಹೇಳಬೇಕೆಂದು ತೋಚಲಿಲ್ಲ.

“ಗೊತ್ತು.” ಅವನು ಹೊಸ್ತಿಲ ಆಚೆಯೇ ನಿಂತಿದ್ದ. “ಒಳಗೆ ಕರಿ ಅಂತ ಕೇಳೋಕೆ ಬಂದಿಲ್ಲ. ನಿನ್ನೆ ನಿಂಗೆ ನಾಳೆ ಬರ್ತೀನಿ ಅಂದಿದ್ದೆ. ಅದಕ್ಕೆ ಬಂದೆ. ಮುಖ ತೋರಿಸಿ ಹೋಗ್ತೀನಿ.”

ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಸಂಜೆಯೆಲ್ಲ ತಡಕಾಡಿದ ಮೂರನೆಯ ಬಳಕೆ ಹೊಸ್ತಿಲಲ್ಲಿ ಬಂದು ನಿಂತಿತ್ತು. ನಿನ್ನೆಯದು, ಮೆಟ್ಟಿಲಿನದು. ಅಷ್ಟು ಹತ್ತಿರದ್ದು ಅವಳಿಗೆ ಹೊಳೆದೇ ಇರಲಿಲ್ಲ.

“ಫೋನ್ ಯಾಕೆ ಎತ್ತಲಿಲ್ಲ?”

“ಎತ್ತಿದ್ರೆ ಮತ್ತೆ ಬರಬೇಡ ಅಂತಿದ್ದೆ.”

“ಬಾ ಅನ್ನೋಕೆ ಮಾಡಿದ್ದು, ದಡ್ಡ.”

“ನೈಸ್,” ಎಂದ ಅವನು, ಮೆಲ್ಲಗೆ. “ಅರ್ಥ ಒಂದು.”

ಅವಳಿಗೆ ಅಳುವೂ ನಗುವೂ ಒಟ್ಟಿಗೆ ಬಂತು. “ಪದ ಉಳಿಸಿದ್ದೀನಿ,” ಎಂದಳು ಪಿಸುದನಿಯಲ್ಲಿ. “ನನ್ನ ಹೊಣೆ ಅಂತ ಬರೆದು.”

ಅವನ ಮುಖದ ಬಿಗಿ ಸಡಿಲಿತು. ಚಿಕ್ಕಪ್ಪ ಕೆಮ್ಮಿದರು. “ಡಬ್ಬಿ ಭಾರ ಇದೆ ಕಣಪ್ಪ. ಒಳಗೆ ಹೋಗೋದೋ, ವಾಪಸ್ ಹೋಗೋದೋ ಒಂದು ಹೇಳು.”

ಆ ಮಾತಿನ ನಡುವೆಯೇ ಒಳಗಿನಿಂದ ಅಮ್ಮ ಬಂದಳು. “ಯಾರದು? ದನಿ ಎಲ್ಲೋ ಕೇಳಿದ ಹಾಗಿದೆ.” ಕನ್ನಡಕ ಸರಿಮಾಡಿಕೊಂಡು ಅವನನ್ನು ನೋಡಿದಳು. “ಇನ್ನೊಂದು ಸಲ ಮಾತಾಡಪ್ಪ.”

“ನಮಸ್ಕಾರ, ಅಮ್ಮ.”

“ಅಯ್ಯೋ, ಕಾಮಾ ಹುಡುಗ!”

ಅಕ್ಕ ಸದ್ದಿಲ್ಲದೆ ಮೇಜಿನ ಬಟ್ಟೆಯನ್ನು ಮತ್ತೆ ಬಿಡಿಸಿ ಹಾಸಿದಳು.

ಕಾಫಿ ಆಯಿತು, ಬಿಸ್ಕತ್ತಾಯಿತು. ಚಿಕ್ಕಪ್ಪ ತಮ್ಮ ಹುಡುಗನ ಗುಣ ಹೇಳಿದರು, ಅಕ್ಕ ತನ್ನ ತಂಗಿಯ ಹಟ ಹೇಳಿದಳು. ಎಲ್ಲ ಒಂದು ಹಂತಕ್ಕೆ ಬಂದ ಮೇಲೆ ಅಮ್ಮ ಮಗಳ ಕಡೆ ತಿರುಗಿದಳು. ಮಗಳ ಸ್ವಭಾವ ಅವಳಿಗೆ ಗೊತ್ತು. “ನೋಡು, ನಿಂಗೆ ಇವರ ಹತ್ತಿರ ಕೇಳೋದು ಏನಾದ್ರೂ ಬಾಕಿ ಇದ್ರೆ ಈಗಲೇ ಕೇಳಿಬಿಡು.”

ಅವನು ಲೋಟ ಕೆಳಗಿಟ್ಟ. ಅವನ ಕಣ್ಣು ಅವಳ ಮೇಲಿತ್ತು.

“ಒಂದಿದೆ,” ಎಂದಳು ಅವಳು. “ನಾಳೆ ಕೇಳ್ತೀನಿ.”

ಮರುದಿನ ಅವಳು ಕಚೇರಿಗೆ ಹೋದಾಗ ಅವನು ಆಗಲೇ ಬಂದು ಓದುವ ಕೋಣೆಯಲ್ಲಿ ಕೂತಿದ್ದ. ಅವಳು ಚೀಲ ಇಡುವುದರೊಳಗೆ ಶುರುಮಾಡಿದ. ಬೇರೆ ಪ್ರಕಾಶಕರು ನಿಘಂಟನ್ನು ಕದ್ದು ಅಚ್ಚು ಮಾಡಿದರೆ ಹಿಡಿಯಬೇಕಲ್ಲ? ಅದಕ್ಕೆ ಪ್ರತಿ ಸಂಪುಟದಲ್ಲೂ ಹುಟ್ಟೇ ಇಲ್ಲದ ಒಂದು ಪದ ಸೇರಿಸುವುದು ದೊಡ್ಡಮ್ಮನ ಉಪಾಯ. ಕಳ್ಳ ಅದನ್ನೂ ಕದಿಯುತ್ತಾನೆ, ಸಿಕ್ಕಿಬೀಳುತ್ತಾನೆ. ಬರೆದವನಿಗೂ ದೊಡ್ಡಮ್ಮನಿಗೂ ಬಿಟ್ಟರೆ ಅಚ್ಚಾಗುವವರೆಗೆ ಮೂರನೆಯ ಕಿವಿಗೆ ಬೀಳಬಾರದು. ತಾಳೆ ನೋಡಿ ಮುಗಿದ ಮೇಲೆ, ಕೊನೆಯ ಗಳಿಗೆಯಲ್ಲಿ ಅದನ್ನು ಪ್ರೆಸ್ಸಿಗೆ ಕೊಡಬೇಕಿತ್ತು.

“ಮತ್ತೆ ಪ್ರೂಫಿಗೆ ಹೇಗೆ ಬಂತು?”

ಅವನು ತಲೆ ಕೆರೆದುಕೊಂಡ. “ಸಂಜೆ ನಿಮ್ಮನೆಗೆ ತಡ ಆಗಬಾರದು ಅಂತ ಎಲ್ಲ ಕೆಲಸ ಮೊದಲೇ ಮುಗಿಸಿಬಿಟ್ಟೆ. ಇದನ್ನೂ ಒಂದು ದಿನ ಮುಂಚೆ ಟೈಪಿಂಗಿಗೆ ಕೊಟ್ಟುಬಿಟ್ಟಿದ್ದೆ.”

“ಜನ್ಮದಲ್ಲಿ ಒಂದೇ ಒಂದು ಸಲ ಬೇಗ ಕೆಲಸ ಮಾಡಿದ್ದು!”

“ಅದಕ್ಕೇ ಹೇಳೋದು, ನಾಳೆ ಅನ್ನೋದೇ ವಾಸಿ ಅಂತ.”

ಬಾಗಿಲಲ್ಲಿ ದೊಡ್ಡಮ್ಮ ಬಂದು ನಿಂತದ್ದು ಇಬ್ಬರಿಗೂ ಕಾಣಲಿಲ್ಲ. ಅವರ ಕೈಯಲ್ಲಿ ಛತ್ರಿ ಇರಲಿಲ್ಲ. ಅಚ್ಚಿನ ಮಸಿ ಆರದ ಮೊದಲ ಹಾಳೆಗಳಿದ್ದವು. “ಮೂರು ಜನಕ್ಕೆ ಗೊತ್ತಾದ ಗುಟ್ಟು ಗುಟ್ಟಲ್ಲ,” ಎಂದರು ಬಿಗಿಯಾಗಿ. ಆಮೇಲೆ ಅವಳ ಕಡೆ ನೋಡಿ, “ನಿನ್ನನ್ನೂ ಇವನನ್ನೂ ಇನ್ನು ಮೇಲೆ ಒಂದೇ ಲೆಕ್ಕ ಅಂದ್ಕೊಂಡ್ರೆ ನಾವು ಇಬ್ಬರೇ ಆಗ್ತೀವಿ. ಸರಿ ತಾನೇ?” ಎಂದರು. ಉತ್ತರಕ್ಕೆ ಕಾಯದೆ ಹಾಳೆಗಳನ್ನು ಮೇಜಿನ ಮೇಲಿಟ್ಟು ಹೋದರು.

ಅವಳ ಕಿವಿ ಕೆಂಪಾಗಿತ್ತು. ಕೆಲಸಕ್ಕೆ ಕೂರಬೇಕು, ಎರಡನೆಯ ಸಂಪುಟ ಓ ಅಕ್ಷರದಿಂದ. ಪೆನ್ಸಿಲ್ ಹುಡುಕಿದಳು. ಮೇಜಿನ ಮೇಲೆ ನೋಡಿದಳು, ಡ್ರಾಯರ್ ಎಳೆದಳು, ಹೊಸ ಹಾಳೆಗಳನ್ನು ಎತ್ತಿ ನೋಡಿದಳು. ಅವನು ಗಲ್ಲಕ್ಕೆ ಕೈಕೊಟ್ಟು ನೋಡುತ್ತ ಕೂತಿದ್ದ. ಅವನ ಕಣ್ಣಿನಲ್ಲಿ ನಗು ತುಳುಕುತ್ತಿತ್ತು. ಅವಳ ಕೈ ನಿಧಾನವಾಗಿ ಕಿವಿಗೆ ಹೋಯಿತು.

“ಹೇಳಬಾರದಾ?”

“ಬಳಕೆ ಬೇಕಿತ್ತು. ಒಂದು ಸಿಕ್ತು.”

“ಮೂರು ಬೇಕು,” ಎಂದಳು ಆಧಾರಮ್ಮ.

“ಅವಸರ ಇಲ್ಲ. ಜೊತೇಲೇ ಇರ್ತೀಯಲ್ಲ.”

ಅವಳು ಎದುರಿಗಿದ್ದ ತನ್ನ ಕುರ್ಚಿಯನ್ನು ಎಳೆದಳು. ಮೇಜಿನ ಸುತ್ತ ಬಳಸಿ ತಂದು ಅವನ ಕುರ್ಚಿಯ ಪಕ್ಕಕ್ಕೇ ಹಾಕಿದಳು, ಇನ್ನು ಹತ್ತಿರ ಹಾಕಲು ಜಾಗವಿಲ್ಲದಷ್ಟು ಹತ್ತಿರಕ್ಕೆ. ಅಲ್ಲಿ ಕೂತು ತಾಳೆ ನೋಡುವುದು ನಿಯಮಕ್ಕೆ ವಿರುದ್ಧ. ಹಸ್ತಪ್ರತಿ ಕಣ್ಣಿಗೆ ಬೀಳುತ್ತದೆ.

“ಓದು,” ಎಂದಳು.